ಮಗುವಿನ ಹೆಸರು ಕಾಗದಕ್ಕೆ ಏರುವ ಮೊದಲು ನಾಲ್ಕು ಬಾಯಲ್ಲಿ ಆಡಲಿ

ಹೆರಿಗೆಯಾದ ಒಂದೆರಡು ದಿನಕ್ಕೇ ಆಸ್ಪತ್ರೆಯ ಸಿಸ್ಟರ್ ಫಾರಂ ಹಿಡಿದುಕೊಂಡು ಬರುತ್ತಾರೆ. ತಾಯಿಯ ಹೆಸರು, ತಂದೆಯ ಹೆಸರು, ವಿಳಾಸ, ಮತ್ತೆ ಮಗುವಿನ ಹೆಸರಿನ ಕಾಲಂ. ತುಂಬಲೇಬೇಕೋ ಏನೋ ಎಂದು ಆ ಗಡಿಬಿಡಿಯಲ್ಲಿ ಒಂದು ಹೆಸರು ಬರೆದುಕೊಟ್ಟು, ತೊಟ್ಟಿಲಿಗೆ ಹಾಕುವ ದಿನ ಇನ್ನೊಂದು ಹೆಸರು ಇಟ್ಟು, ಆಮೇಲೆ ಅಫಿಡವಿಟ್ ಮಾಡಿಸಿಕೊಂಡು ಕಚೇರಿಗಳಿಗೆ ಅಲೆಯುವವರು ನಮ್ಮ ಕಡೆ ಬೇಕಾದಷ್ಟು ಮಂದಿ. ಆ ಕಾಲಂ ಖಾಲಿ ಬಿಡಬಹುದು. ಬಿಡುವುದೇ ಒಳ್ಳೆಯದು.

ಸಮಯ ಎಷ್ಟು ಉಂಟು?

1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ 21 ದಿನದೊಳಗೆ ಆಗಬೇಕಾದದ್ದು ಜನನದ ನೋಂದಣಿ, ಹೆಸರಿನದ್ದಲ್ಲ. ಹೆಸರಿಲ್ಲದೆಯೇ ಜನನ ನೋಂದಣಿಯಾಗುತ್ತದೆ. ಆಮೇಲೆ 12 ತಿಂಗಳ ಒಳಗೆ ಹೋಗಿ ‘ಹೆಸರು ಸೇರ್ಪಡೆ’ ಮಾಡಿಸಿದರೆ ಶುಲ್ಕವಿಲ್ಲ. ವರ್ಷ ದಾಟಿದರೆ ತಡವಾದದ್ದಕ್ಕೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಅಷ್ಟು ಕಾಯಿರಿ ಎಂದಲ್ಲ. ಆದರೆ ಡಿಸ್ಚಾರ್ಜ್ ಆಗುವ ಮೊದಲೇ ಹೆಸರು ಗಟ್ಟಿಯಾಗಬೇಕೆಂಬ ಹೆದರಿಕೆ ಬೇಡ.

ನಿಧಾನಕ್ಕೆ ಇನ್ನೊಂದು ಕಾರಣವೂ ಉಂಟು. ತಿದ್ದುಪಡಿಯಾದ ಕಾಯ್ದೆ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಆ ದಿನ ಮತ್ತು ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದರಿಂದ ಹಿಡಿದು ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ನೌಕರಿ, ಪಾಸ್‌ಪೋರ್ಟ್‌ವರೆಗೆ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ದಾಖಲೆ ಜನನ ಪ್ರಮಾಣಪತ್ರವೇ. ಹಿಂದೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಕೇಳಿದ ಹೆಸರು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ ಹತ್ತಿದ ಸ್ಪೆಲ್ಲಿಂಗ್, ಅದೇ ಜೀವನಪೂರ್ತಿ ನಡೆಯುತ್ತಿತ್ತು. ಈಗಿನ ಮಕ್ಕಳಿಗೆ ಎಲ್ಲವೂ ಜನನ ಪತ್ರದ ಆ ಒಂದು ಸಾಲಿನಿಂದ ಶುರು.

ನೋಂದಣಿ ಆಗುವುದು ಮಗು ಹುಟ್ಟಿದ ಜಾಗದಲ್ಲಿ, ನಿಮ್ಮ ಮನೆ ಇರುವ ಜಾಗದಲ್ಲಿ ಅಲ್ಲ. ಬೈಂದೂರಿನವರ ಮಗು ಮಣಿಪಾಲದಲ್ಲಿ ಹುಟ್ಟಿದರೆ, ಬೆಳ್ತಂಗಡಿಯವರ ಮಗು ಮಂಗಳೂರಿನಲ್ಲಿ ಹುಟ್ಟಿದರೆ, ಹೆಸರು ಸೇರಿಸಲು ಅಲ್ಲಿಗೇ ಹೋಗಬೇಕು. ಯಾವ ಕಚೇರಿ, ಯಾವ ಕೌಂಟರ್ ಎಂದು ಆಸ್ಪತ್ರೆ ಬಿಡುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ನಕ್ಷತ್ರದ ಅಕ್ಷರ ಅಡ್ಡ ಬಂದರೆ

27 ನಕ್ಷತ್ರಕ್ಕೆ ನಾಲ್ಕು ನಾಲ್ಕು ಪಾದ, ಒಟ್ಟು 108 ಅಕ್ಷರ. ಚಂದ್ರ ಒಂದು ನಕ್ಷತ್ರ ದಾಟಲು ಸರಿಸುಮಾರು ಒಂದು ದಿನ ಬೇಕು, ಅಂದರೆ ಒಂದು ಪಾದಕ್ಕೆ ಸುಮಾರು 6 ಗಂಟೆ. ಆಸ್ಪತ್ರೆಯವರು ಬರೆದ ಹೊತ್ತಿನಲ್ಲಿ ಐದು ನಿಮಿಷ ಹೆಚ್ಚುಕಡಿಮೆ ಆದರೂ ಪಾದದ ಅಂಚಿನಲ್ಲಿ ಹುಟ್ಟಿದ ಮಗುವಿಗಲ್ಲದೆ ಉಳಿದವರಿಗೆ ಅಕ್ಷರ ಬದಲಾಗುವುದಿಲ್ಲ.

ನಿಜವಾದ ಕಷ್ಟ ಬೇರೆ. ಅಶ್ವಿನಿಯ ‘ಚು ಚೆ ಚೋ ಲ’ದಲ್ಲಿ ಲಕಾರ ಬಂದವರು ಬಚಾವು, ‘ಚು’ ಬಂದವರು ತಲೆ ಕೆರೆದುಕೊಳ್ಳಬೇಕು. ಆರ್ದ್ರೆಗೆ ‘ಙ’, ಹಸ್ತಕ್ಕೆ ‘ಣ’ ಮತ್ತು ‘ಠ’, ಉತ್ತರಾಭಾದ್ರೆಗೆ ‘ಞ’. ಈ ಅಕ್ಷರಗಳಿಂದ ಹೆಸರು ಹುಟ್ಟುವುದೇ ಇಲ್ಲ. ಅಕ್ಷರಕ್ಕೆ ಕಟ್ಟುಬಿದ್ದು ಯಾವುದೋ ವೆಬ್‌ಸೈಟಿನಿಂದ ನಾಲಿಗೆ ಹೊರಳದ ಹೆಸರು ಹೆಕ್ಕಿ ತರುವುದು ಇಂಥ ಹೊತ್ತಿನಲ್ಲೇ.

ಪುರೋಹಿತರನ್ನು ನೇರವಾಗಿ ಕೇಳಿ. ನಾಮಕರಣದ ಕ್ರಮದಲ್ಲೇ ದೇವತಾ ನಾಮ, ಮಾಸ ನಾಮ, ನಕ್ಷತ್ರ ನಾಮ, ವ್ಯಾವಹಾರಿಕ ನಾಮ ಎಂದು ಬೇರೆಬೇರೆ ಉಂಟು. ಬೆಳ್ತಿಗೆ ಅಕ್ಕಿಯ ಮೇಲೆ ಉಂಗುರದಲ್ಲಿ ಬರೆದು, ಕಿವಿಯಲ್ಲಿ ಹೇಳುವಾಗ ನಕ್ಷತ್ರದ ಹೆಸರೂ ಬರಲಿ. ಜನನ ಪತ್ರಕ್ಕೆ ಹೋಗಬೇಕಾದದ್ದು ವ್ಯಾವಹಾರಿಕ ನಾಮ. ಅದು ಆ ಅಕ್ಷರದಿಂದಲೇ ಶುರುವಾಗಬೇಕೆಂಬ ಹಟ ಮನೆಯವರದ್ದೋ ಶಾಸ್ತ್ರದ್ದೋ ಎಂದು ವಿಚಾರಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಅರ್ಥವನ್ನು ನಿಘಂಟಿನಲ್ಲೇ ನೋಡಿ

ಪಟ್ಟಿಗೆ ಐದಾರು ಹೆಸರು ಸಾಕು. ಅದಕ್ಕಿಂತ ಹೆಚ್ಚಾದರೆ ಒಂದನ್ನೂ ಸರಿಯಾಗಿ ಆಡಿ ನೋಡಲು ಆಗುವುದಿಲ್ಲ. ಪ್ರತಿಯೊಂದನ್ನೂ ಮೊದಲು ಕನ್ನಡದಲ್ಲಿ ಬರೆಯಿರಿ: ದೀರ್ಘ, ಒತ್ತು, ಮಹಾಪ್ರಾಣ ಎಲ್ಲ ಸೇರಿಸಿ. ಇಂಗ್ಲಿಷಿನಲ್ಲಿ ಹುಡುಕಿದ ಹೆಸರು ಕನ್ನಡಕ್ಕೆ ಬರುವಾಗಲೇ ಬಣ್ಣ ಬಯಲಾಗುವುದು. ಉದಾಹರಣೆಗೆ ‘ಅನಾಯಾ’. ದೀರ್ಘ ಬಿಟ್ಟು ‘ಅನಯ’ ಎಂದು ಬರೆದರೆ ಸಂಸ್ಕೃತದಲ್ಲಿ ಅನೀತಿ, ಕೆಟ್ಟ ನಡತೆ. ಯಾರಾದರೂ ಅವಸರದಲ್ಲಿ ಬರೆದರೆ ‘ಅನ್ಯಾಯ’ ಆಗುವುದಕ್ಕೂ ಹೆಚ್ಚು ದೂರವಿಲ್ಲ. ‘ಅಧಿರಾ’ ಒಂದು ದೀರ್ಘ ಪಡೆದರೆ ‘ಅಧೀರ’, ಧೈರ್ಯವಿಲ್ಲದವರು. ‘ಹೀನಾ’ ಎಂದರೆ ಮದರಂಗಿ ಎಂದು ಇಟ್ಟವರಿಗೆ ಗೊತ್ತು, ಕನ್ನಡ ಓದುವವರಿಗೆ ಕಣ್ಣಿಗೆ ಬೀಳುವುದು ‘ಹೀನ’. ಅದನ್ನೇ ‘ಹೆನ್ನಾ’ ಎಂದು ಬರೆದರೆ ತೊಂದರೆ ಇಲ್ಲ.

ಹೆಸರಿನ ವೆಬ್‌ಸೈಟುಗಳಲ್ಲಿ ಅರ್ಧಕ್ಕರ್ಧ ಹೆಸರಿಗೆ ‘ದೇವರ ಕೃಪೆ’ ಅಥವಾ ‘ಸೂರ್ಯನ ಮೊದಲ ಕಿರಣ’ ಎಂಬ ಅರ್ಥ. ಯಾವ ಧಾತು, ಯಾವ ಭಾಷೆ ಎಂದು ಹೇಳದ ಅರ್ಥವನ್ನು ನಂಬಬೇಡಿ. ಮಂಗಳೂರಿನಲ್ಲೇ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟು ಇಂದಿಗೂ ಕನ್ನಡಕ್ಕೆ ಬಂದ ಸಂಸ್ಕೃತ ಪದಗಳಿಗೆ ಒಳ್ಳೆಯ ಆಸರೆ. ತುಳುವಿಗೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ತಂದ ಆರು ಸಂಪುಟದ ತುಳು ನಿಘಂಟು ಉಂಟು. ದೊಡ್ಡ ಕಾಲೇಜುಗಳ ಗ್ರಂಥಾಲಯದಲ್ಲಿ ವಿಚಾರಿಸಿ ನೋಡಿ. ಅರ್ಥವೇ ಇಲ್ಲದ, ಕಿವಿಗೆ ಇಂಪಾದ ಹೆಸರು ಇಡುವುದೂ ತಪ್ಪಲ್ಲ. ಇಲ್ಲದ ಅರ್ಥವನ್ನು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸದಿದ್ದರೆ ಸಾಕು.

ಕೂಗಿ ನೋಡಿ

ಹೆಸರನ್ನು ಹೆತ್ತವರು ಆರಿಸುವುದು ಕಣ್ಣಿನಿಂದ, ಮೊಬೈಲ್ ಸ್ಕ್ರೀನಿನ ಮೇಲೆ. ಉಳಿದ ಲೋಕ ಅದನ್ನು ಬಳಸುವುದು ಬಾಯಿಂದ. ಅದರಲ್ಲೂ ನಮ್ಮ ಕರಾವಳಿಯಲ್ಲಿ ಒಂದೇ ಹೆಸರು ದಿನಕ್ಕೆ ನಾಲ್ಕೈದು ಭಾಷೆಯ ಬಾಯಲ್ಲಿ ಹೊರಳುತ್ತದೆ: ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಇಂಗ್ಲಿಷ್, ಅಂಗಡಿಯಲ್ಲಿ ಕೊಂಕಣಿ, ರಿಕ್ಷಾದಲ್ಲಿ ಬ್ಯಾರಿ. ಹೀಗಾಗಿ ಪಟ್ಟಿಯ ಪ್ರತಿ ಹೆಸರನ್ನೂ ಈ ಕೆಳಗಿನ ಕ್ರಮದಲ್ಲಿ ಆಡಿ ನೋಡಬೇಕು.

ಅಂಗಳದಿಂದ ಕೂಗಿ. ಮನೆಯ ಒಳಗೆ ಮೆಲ್ಲಗೆ ಹೇಳುವಾಗ ಚಂದ ಕೇಳಿದ ಹೆಸರು ತೋಟದ ಆಚೆ ತುದಿಗೆ ಕೂಗುವಾಗ ಹೇಗೆ ಕೇಳುತ್ತದೆ? ಕೊನೆಯ ಸ್ವರವನ್ನು ಎಳೆಯಲು ಜಾಗ ಬೇಕು. ‘ಶ್ರಾವ್ಯಾ’, ‘ಮನ್ವಿತಾ’ ಎಳೆಯಲು ಸುಲಭ. ವ್ಯಂಜನದಲ್ಲಿ ನಿಲ್ಲುವ ಗಂಡುಮಕ್ಕಳ ಹೆಸರಿಗೆ ಬಾಯಿ ತಾನಾಗಿ ಒಂದು ‘ಆ’ ಸೇರಿಸುತ್ತದೆ. ಆಗ ರಕ್ಷಿತ್ ‘ರಕ್ಷಿತಾ’ ಆಗುತ್ತಾನೆ, ಹರ್ಷಿತ್ ‘ಹರ್ಷಿತಾ’ ಆಗುತ್ತಾನೆ. ಅದೇ ವಠಾರದಲ್ಲಿ ಒಬ್ಬಳು ಹರ್ಷಿತಾ ಇದ್ದರೆ ಇಬ್ಬರೂ ಓಡಿಬರುತ್ತಾರೆ. ಹಳೆಯ ತಲೆಮಾರಿನ ತುಳುವರು ಸೇರಿಸುವುದು ‘ಎ’: “ರಕ್ಷಿತೆ ಬೈದೆನಾ?” (ರಕ್ಷಿತ್ ಬಂದಿದ್ದಾನಾ?) ಇದನ್ನು ತಪ್ಪೆಂದು ತಿದ್ದಲು ಹೋಗಬೇಡಿ, ತುಳುವಿನ ವ್ಯಾಕರಣವೇ ಹಾಗೆ.

ಅಣ್ಣ ಅಕ್ಕ ಸೇರಿಸಿ. ಇಲ್ಲಿ ಯಾರೂ ಬರೀ ಹೆಸರಾಗಿ ಉಳಿಯುವುದಿಲ್ಲ. ಇಪ್ಪತ್ತು ವರ್ಷ ಕಳೆದರೆ ನಿಮ್ಮ ಮಗು ಯಾರಿಗೋ ಅಣ್ಣ, ಯಾರಿಗೋ ಅಕ್ಕ. ದಿಯಾ ‘ದಿಯಕ್ಕ’ ಆಗುತ್ತಾಳೆ, ಚೆನ್ನಾಗಿಯೇ ಕೇಳುತ್ತದೆ. ಕಿರಣ ‘ಕಿರಣಣ್ಣ’, ಅರುಣ ‘ಅರುಣಣ್ಣ’. ಣಕಾರದ ಮೇಲೆ ಣಕಾರ ಬಿದ್ದು ನಾಲಿಗೆ ಸ್ವಲ್ಪ ತೊಡರಿದರೂ ಊರಿಗೆ ಅಭ್ಯಾಸವಾಗಿದೆ. ‘ಕ’ಕಾರದಲ್ಲಿ ಮುಗಿಯುವ ಹೆಣ್ಣು ಹೆಸರು ಕಷ್ಟ: ಅನಾಮಿಕಾ ಅಕ್ಕ ಎನ್ನಲು ಹೋಗಿ ‘ಅನಾಮಿಕಕ್ಕ’ ಆಗಿ, ಕೊನೆಗೆ ಜನ ‘ಅನಕ್ಕ’ದಲ್ಲಿ ನಿಲ್ಲುತ್ತಾರೆ.

ಫೋನಿನಲ್ಲಿ ಹೇಳಿ. ಗೊತ್ತಿಲ್ಲದವರೊಬ್ಬರಿಗೆ ಫೋನ್ ಮಾಡಿ ಹೆಸರನ್ನು ಒಮ್ಮೆ ಮಾತ್ರ ಹೇಳಿ, ಅವರು ಬರೆದದ್ದನ್ನು ಓದಿಸಿ. ಈಚಿನ ಹೆಸರುಗಳು ಮುಗ್ಗರಿಸುವುದು ಇಲ್ಲೇ. ಸಾನ್ವಿ, ತನ್ವಿ, ಜಾನ್ವಿ, ಮಾನ್ವಿ, ಅನ್ವಿ, ಧನ್ವಿ. ಇತ್ತ ವಿಹಾನ್, ಇಹಾನ್, ರಿಹಾನ್, ಕಿಯಾನ್, ರಿಯಾನ್, ವಿವಾನ್. ಫೋನಿನಲ್ಲಿ ಮೊದಲ ವ್ಯಂಜನ ನುಂಗಿಹೋಗುತ್ತದೆ, ಉಳಿಯುವುದು ಬರೀ ‘ನ್ವಿ’, ಬರೀ ‘ಆನ್’. ಅಂಗನವಾಡಿಯಲ್ಲಿ ಟೀಚರ್ ಒಂದು ಕೂಗು ಹಾಕಿದರೆ ಮೂವರು ತಿರುಗಿ ನೋಡುವುದೂ ಇದೇ ಕಾರಣಕ್ಕೆ. ಅಪರೂಪದ ಹೆಸರು ಬೇಕೆಂದು ಹುಡುಕಿದವರೆಲ್ಲ ಒಂದೇ ಪ್ರಾಸಕ್ಕೆ ಬಂದು ನಿಂತಿದ್ದಾರೆ. ಹೆಸರು ಬೇರೆಯಾಗಿ ಕೇಳಬೇಕಾದರೆ ಮೊದಲ ಅಕ್ಷರ ಬದಲಿಸಿ ಪ್ರಯೋಜನವಿಲ್ಲ. ಸ್ವರದ ವಿನ್ಯಾಸವೇ ಬೇರೆ ಇರಬೇಕು. ಸಾನ್ವಿಗಳ ನಡುವೆ ‘ಭೂಮಿಕಾ’, ವಿಹಾನ್‌ಗಳ ನಡುವೆ ‘ಗೌತಮ’ ಎಂದರೆ ಯಾರಿಗೂ ಗೊಂದಲವಿಲ್ಲ.

ಅಜ್ಜಿಗೂ ಮೂರು ವರ್ಷದ ಮಗುವಿಗೂ ಕೊಡಿ. ಅಜ್ಜಿಯ ಬಾಯಲ್ಲಿ ಮಹಾಪ್ರಾಣ ಸಡಿಲವಾಗುತ್ತದೆ: ಧನುಷ್ ‘ದನುಸ’, ಭರತ್ ‘ಬರತೆ’. ಶಕಾರ ಸಕಾರಕ್ಕೆ ಇಳಿಯುತ್ತದೆ. ಶೇಷಪ್ಪ ಸೇಸಪ್ಪ ಆದದ್ದು, ಶಂಕರ ಸಂಕರ ಆದದ್ದು ಹೀಗೆ. ಹೆಸರಿನಲ್ಲಿ ಶ, ಷ, ಧ, ಭ ಎಲ್ಲ ಒಟ್ಟಿಗೆ ತುಂಬಿಕೊಂಡಿದ್ದರೆ ಮನೆಯಲ್ಲಿ ಕೇಳುವ ಹೆಸರೇ ಬೇರೆ, ಕಾಗದದ ಹೆಸರೇ ಬೇರೆ. ಚಿಕ್ಕ ಮಕ್ಕಳಿಗೆ ರಕಾರ, ಶಕಾರ, ಒತ್ತಕ್ಷರ ತಡವಾಗಿ ಒಲಿಯುತ್ತವೆ. ಮಗುವಿಗೆ ಅಕ್ಕನೋ ಅಣ್ಣನೋ ಇದ್ದರೆ ಅವರು ತಪ್ಪಾಗಿ ಕರೆದದ್ದೇ ಮನೆಯ ಹೆಸರಾಗಿ ಅಂಟಿಕೊಳ್ಳುವುದು ಖಂಡಿತ. ಹೃತ್ವಿಕ್, ದೃಷ್ಟಿ, ಸ್ಪೃಹಾ ಇಡುವವರು ಮೊದಲೇ ಒಂದು ಸುಲಭದ ಕರೆಯುವ ಹೆಸರು ಇಟ್ಟುಕೊಂಡರೆ ಒಳ್ಳೆಯದು, ಇಲ್ಲದಿದ್ದರೆ ಊರವರೇ ಇಡುತ್ತಾರೆ. (ಅಂದ ಹಾಗೆ ಯಜ್ಞ ಮಾಡಿಸುವವ ‘ಋತ್ವಿಕ್’. ಮುಂದೆ ‘ಹ’ ಬಂದದ್ದು ಫ್ಯಾಷನ್.)

ತುಳು ಕಿವಿಗೆ ಹೇಗೆ ಕೇಳುತ್ತದೆ?

ತುಳು ಗೊತ್ತಿಲ್ಲದ ಘಟ್ಟದ ಮೇಲಿನ ಅಳಿಯ ಸೊಸೆಯಂದಿರು, ಮುಂಬೈಯಲ್ಲಿ ಬೆಳೆದ ತುಳುವರು ಇದನ್ನು ವಿಶೇಷವಾಗಿ ನೋಡಬೇಕು.

‘ಇರಾ’ ಈಗ ಬಹಳ ಬೇಡಿಕೆಯ ಹೆಸರು. ಸ್ವಲ್ಪ ಎಳೆದು ‘ಈರಾ’ ಎಂದರೆ ತುಳುವಿನಲ್ಲಿ “ನೀವಾ?” ಬಾಗಿಲಲ್ಲಿ ನಿಂತು ಮಗಳನ್ನು ಕರೆದರೆ ಬಂದ ನೆಂಟರು ತಮ್ಮನ್ನೇ ಕೇಳಿದ್ದು ಎಂದುಕೊಂಡಾರು. ಸಂಸ್ಕೃತದಲ್ಲಿ ಇದಕ್ಕೆ ಭೂಮಿ, ಮಾತು, ನೀರು ಎಂಬ ಅರ್ಥಗಳ ಜೊತೆಗೆ ಮದ್ಯ ಎಂಬ ಅರ್ಥವೂ ಉಂಟು. ವೆಬ್‌ಸೈಟುಗಳು ಅದನ್ನು ಬಿಟ್ಟಿರುತ್ತವೆ. ಮುಡಿಪಿನ ಹತ್ತಿರ ಇರಾ ಎಂಬ ಊರೂ ಉಂಟು. ‘ಯಾನಾ’ ಎಂದರೆ “ನಾನಾ?” ‘ನಿಖಿಲ್’ ಅನ್ನು ಮೊಟಕು ಮಾಡಿ ‘ನಿಕ್’ ಎಂದರೆ ತುಳುವಿನಲ್ಲಿ “ನಿನಗೆ”. ಪೌಲಾ ಎಂಬ ಹೆಸರು ಅವಸರದ ಬಾಯಲ್ಲಿ ‘ಪೋಲ’ ಆದರೆ “ಹೋಗು” ಎಂದಂತೆ. ತಾರಾ ಇದ್ದಲ್ಲಿ ‘ತಾರಾಯಿ’, ಅಂದರೆ ತೆಂಗಿನಕಾಯಿ, ಎಂದು ಕರೆಯುವ ಒಬ್ಬ ಮಾವ ಇದ್ದೇ ಇರುತ್ತಾನೆ. ಅಂಜಲಿ ಅಂತೂ ಮೀನು ಮಾರುಕಟ್ಟೆಯ ಪಕ್ಕ ಬೆಳೆದರೆ ‘ಅಂಜಲ್’ ಎನಿಸಿಕೊಳ್ಳದೆ ದೊಡ್ಡವಳಾಗುವುದಿಲ್ಲ.

ಇದನ್ನೆಲ್ಲ ಕೇಳಿ ಹೆಸರು ಬಿಡಬೇಕೇ? ಬೇಡ. ಇಲ್ಲಿ ಎರಡು ಜಾತಿಯ ತೊಂದರೆ ಉಂಟು. ಒಂದು ತಮಾಷೆ: ಅಂಜಲ್, ತಾರಾಯಿ. ಇದು ಮೂರನೇ ಕ್ಲಾಸಿನಲ್ಲಿ ಶುರುವಾಗಿ ಏಳನೆಯದಕ್ಕೆ ಹಳತಾಗುತ್ತದೆ. ಅಂಜಲ್ ಎಂದರೆ ಕರಾವಳಿಯಲ್ಲಿ ದುಬಾರಿ ಮೀನು, ಬೂತಾಯಿ ಎಂದಂತಲ್ಲ. ಚಂದದ ಹೆಸರನ್ನು ಇಷ್ಟಕ್ಕೆ ಕೈಬಿಟ್ಟರೆ ನಷ್ಟ. ಇನ್ನೊಂದು ದಿನಾಲೂ ಕಾಡುವಂಥದ್ದು: ಕರೆದಾಗಲೆಲ್ಲ ಬೇರೆ ಮಾತಾಗಿ ಕೇಳುವ, ಬರೆದಾಗಲೆಲ್ಲ ತಪ್ಪಾಗುವ ಹೆಸರು. ‘ಯಾನಾ’ ತುಳು ಮಾತಾಡುವ ಮನೆಯಲ್ಲಿ ಈ ಎರಡನೇ ಜಾತಿಗೆ ಸೇರುತ್ತದೆ, ಯಾಕೆಂದರೆ ಆ ಮಾತು ದಿನಕ್ಕೆ ನೂರು ಸಲ ಬೇರೆ ಕೆಲಸಕ್ಕೆ ಬೇಕಾಗುತ್ತದೆ. ಕೊಂಕಣಿ ಮನೆಯಲ್ಲಿ ಅದೇ ಹೆಸರಿಗೆ ಯಾವ ಅಡ್ಡಿಯೂ ಇಲ್ಲ. ಪರೀಕ್ಷೆ ಸುಲಭ: ಹೆಸರನ್ನು ಕೇಳಿದವರು ನಕ್ಕರೆ ಬಿಡಿ, ಪರವಾಗಿಲ್ಲ. “ಏನು?” ಎಂದು ಮತ್ತೆ ಮತ್ತೆ ಕೇಳಿದರೆ ಯೋಚಿಸಿ.

ಮೊಟಕು ಹೆಸರು ತಪ್ಪಿಸಲು ಆಗುವುದಿಲ್ಲ. ಸೆಬಾಸ್ಟಿಯನ್ ಬಸ್ತ್ಯಾಂವ್ ಆಗಿದ್ದಾನೆ, ಶ್ರೀನಿವಾಸ ಶೀನ ಆಗಿದ್ದಾನೆ. ಉದ್ದದ ಹೆಸರಿಗೆ ಊರು ಎರಡಕ್ಷರದ ಗಂಟು ಹಾಕಿಯೇ ಹಾಕುತ್ತದೆ. ಹಾಗಾಗಿ ಉದ್ದದ ಹೆಸರು ಇಡುವವರು ಅದರ ಮೊದಲ ಎರಡಕ್ಷರವನ್ನೂ ಕೊನೆಯ ಎರಡಕ್ಷರವನ್ನೂ ಬೇರೆಯಾಗಿ ಹೇಳಿ ನೋಡಬೇಕು.

ಸರ್‌ನೇಮಿನ ಜೊತೆ ಕೂಡಿಸಿದಾಗ

ಹೆಸರಿನ ಕೊನೆ ಮತ್ತು ಸರ್‌ನೇಮಿನ ಮೊದಲು ಒಂದೇ ಸ್ವರ ಇದ್ದರೆ ಎರಡೂ ಅಂಟಿಕೊಳ್ಳುತ್ತವೆ. ‘ನವ್ಯಾ ಅಮೀನ್’ ಎಂದು ಮೈಕಿನಲ್ಲಿ ಓದಿದರೆ ಕೇಳುವುದು ‘ನವ್ಯಾಮೀನ್’. ಅಮೀನ್ ಮನೆತನದವರು ಅಕಾರಾಂತ ಹೆಸರು ಇಡುವಾಗ ಈ ಮೀನು ನುಸುಳುವುದನ್ನು ಒಮ್ಮೆ ಕೇಳಿಸಿಕೊಳ್ಳಲಿ. ಸ್, ಷ್‌ನಲ್ಲಿ ನಿಲ್ಲುವ ಹೆಸರಿಗೆ ಸುವರ್ಣ, ಸಾಲ್ಯಾನ್, ಶೆಟ್ಟಿ ಸೇರಿದರೂ ಇದೇ ಕತೆ: ‘ಮಾನಸ್ಸುವರ್ಣ’, ‘ಹರ್ಷ್ಶೆಟ್ಟಿ’. ರೈ, ಪೈ, ಭಟ್ ಮೊದಲಾದ ಒಂದು ಹೊಡೆತದ ಸರ್‌ನೇಮಿಗೆ ಮೂರ್ನಾಲ್ಕು ಅಕ್ಷರದ ಹೆಸರು ಕೂರುತ್ತದೆ. ಪೂಜಾರಿ, ಕೋಟ್ಯಾನ್, ಉಪಾಧ್ಯಾಯ, ಮಸ್ಕರೇನ್ಹಸ್‌ಗೆ ಎರಡಕ್ಷರದ ಹೆಸರು ಚಂದ.

ಯಾವ ಸರ್‌ನೇಮ್ ಎನ್ನುವುದೂ ನಮ್ಮಲ್ಲಿ ಸಣ್ಣ ಪ್ರಶ್ನೆಯಲ್ಲ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆಗಳಲ್ಲಿ ‘ಬರಿ’, ಅಂದರೆ ಕುಲದ ಹೆಸರು, ತಾಯಿಯಿಂದ ಬರುತ್ತದೆ. ಅಪ್ಪ ಬಂಗೇರ, ಅಮ್ಮ ಕರ್ಕೇರ ಆದರೆ ಮಗು ಕರ್ಕೇರ ಎನ್ನುವವರೂ ಇದ್ದಾರೆ, ಅಪ್ಪನದ್ದನ್ನೇ ಹಾಕುವವರೂ ಇದ್ದಾರೆ. ಎರಡೂ ನಡೆಯುತ್ತದೆ. ಮೊದಲ ಮಗುವಿಗೆ ಒಂದು, ಎರಡನೆಯದಕ್ಕೆ ಒಂದು ಮಾಡಿದರೆ ಮಾತ್ರ ವೀಸಾ ಕೌಂಟರಿನಲ್ಲಿ ವಿವರಣೆ ಕೊಡುತ್ತ ಕೂರಬೇಕು.

ಇನಿಷಿಯಲ್ಲನ್ನೂ ಇಂಗ್ಲಿಷಿನಲ್ಲಿ ಬರೆದು ನೋಡಿ. ಹೆಸರು ‘ಅ’ದಿಂದ, ಅಪ್ಪನ ಹೆಸರು ‘ಸ’ದಿಂದ, ಸರ್‌ನೇಮ್ ಶೆಟ್ಟಿ ಅಥವಾ ಶೆಣೈ ಆದರೆ ಎ, ಎಸ್, ಎಸ್ ಸೇರಿ ಕತ್ತೆ. ಕ್ರಿಕೆಟ್ ಜೆರ್ಸಿಯ ಬೆನ್ನಿನಲ್ಲಿ, ಬ್ಯಾಗಿನ ಮೇಲೆ ಇದು ಬರುತ್ತದೆ.

ಇಂಗ್ಲಿಷ್ ಅಕ್ಷರಗಳ ಲೆಕ್ಕ

ನಮ್ಮ ಕಡೆ ‘ತ’ಕ್ಕೆ ಟಿ ಎಚ್ ಹಾಕುತ್ತೇವೆ, ಮುಂಬೈ ದೆಹಲಿಯಲ್ಲಿ ಬರೀ ಟಿ. ಉತ್ತರದವರು ನಮ್ಮ ಸ್ವಾತಿಯನ್ನು ‘ಸ್ವಾಥಿ’ ಎಂದು ಓದುತ್ತಾರೆ ಎಂದು ಬೇಸರಿಸಿ ಎಚ್ ತೆಗೆದವರಿದ್ದಾರೆ. ಅದಕ್ಕೆ ಮೊದಲು ರಕ್ಷಿತ್, ಹರ್ಷಿತ್, ದೀಕ್ಷಿತ್ ಇಡುವವರು ಹೆಸರಿನ ಕೊನೆಯ ನಾಲ್ಕು ಅಕ್ಷರ ನೋಡಿಕೊಳ್ಳಲಿ. ಕೊನೆಯ ಎಚ್ ಇಲ್ಲದಿದ್ದರೆ ಎಸ್ ಎಚ್ ಐ ಟಿ ಉಳಿಯುತ್ತದೆ, ಅದು ಇಂಗ್ಲಿಷಿನಲ್ಲಿ ಹೇಸಿಗೆಯ ಮಾತು. ದೀಕ್ಷಿತ್‌ಗೆ ಕೆ ಎಸ್ ಎಚ್ ಬದಲು ಎಕ್ಸ್ ಹಾಕುವವರು ಬಚಾವು. ಉಳಿದವರಿಗೆ ನಮ್ಮ ಊರಿನ ಎಚ್ ಅಭ್ಯಾಸವೇ ರಕ್ಷೆ. ‘ಅನಲ’ ಎಂದರೆ ಅಗ್ನಿ, ಒಳ್ಳೆಯ ಹೆಸರೇ. ಕೊನೆಯ ಎ ಬಿಟ್ಟು ಇಂಗ್ಲಿಷಿನಲ್ಲಿ ಬರೆದು ನೋಡಿದ ಮೇಲೆ ಮುಂದುವರಿಯಿರಿ.

‘ಋ’ಕಾರ ಇರುವ ಹೆಸರಿಗೆ ಐ ಹಾಕುವುದೋ ಯು ಹಾಕುವುದೋ ಎಂದು ಮೊದಲೇ ನಿಶ್ಚಯಿಸಿ. ಕನ್ನಡದವರ ಬಾಯಿ ‘ಕ್ರು’ ಕಡೆ, ಹಿಂದಿಯವರದ್ದು ‘ಕ್ರಿ’ ಕಡೆ. ಒಂದು ಕಾಗದದಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆ ಆಗುವುದು ಇಲ್ಲೇ ಹೆಚ್ಚು. ‘ಜ್ಞ’ಕ್ಕೂ ಹಾಗೆ: ನಮ್ಮ ಪ್ರಜ್ಞಾ ಉತ್ತರಕ್ಕೆ ಹೋದರೆ ‘ಪ್ರಗ್ಯಾ’. ಸಂಖ್ಯಾಶಾಸ್ತ್ರದವರು ಹೇಳಿದರೆಂದು ಎರಡು ಎ, ಎರಡು ಎಚ್ ಸೇರಿಸುವುದು ನಿಮ್ಮ ಇಷ್ಟ. ಆ ಹೆಚ್ಚಿನ ಅಕ್ಷರವನ್ನು ಮಗು ಜೀವನವಿಡೀ ಕೌಂಟರಿನಲ್ಲಿ ಬಿಡಿಸಿ ಹೇಳಬೇಕು ಎನ್ನುವುದೂ ಲೆಕ್ಕದಲ್ಲಿರಲಿ.

ಗಲ್ಫಿಗೆ ಹೋಗುವ ಮನೆಗಳು ಇನ್ನೂ ಎರಡು ನೋಡಬೇಕು. ಅರಬ್ಬಿಯಲ್ಲಿ ‘ಪ’ ಇಲ್ಲ, ಪೂಜಾ ‘ಬೂಜಾ’ ಆಗುತ್ತಾಳೆ. ಅದು ಸಣ್ಣ ವಿಷಯ. ಆದರೆ ಮೇಲೆ ಹೇಳಿದ ‘ನಿಕ್’ ಅಲ್ಲಿ ಬೀದಿಯ ಬೈಗುಳ. ಪಟ್ಟಿಯನ್ನು ಅಲ್ಲಿರುವ ಒಬ್ಬ ನೆಂಟರಿಗೆ ಕಳಿಸಿ ಓದಿಸಿದರೆ ಕೆಲಸ ಮುಗಿಯಿತು. ಇನ್ನೊಂದು ದೊಡ್ಡದು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಇನ್ನೊಂದು ಕಾಲಂ ಖಾಲಿ ಇದ್ದವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರಿನಲ್ಲಿ ನಿಯಮ ತಂದಿತು. ‘ಅದ್ವಿಕ್ ಎಸ್.’ ಎಂದು ಇನಿಷಿಯಲ್ ಇಟ್ಟು ಬಿಡುವ ನಮ್ಮ ಪದ್ಧತಿ ಪಾಸ್‌ಪೋರ್ಟಿಗೆ ಆಗುವುದಿಲ್ಲ, ಅಲ್ಲಿ ಇನಿಷಿಯಲ್ ಬಿಡಿಸಿಯೇ ಬರೆಯಬೇಕು. ಆದ್ದರಿಂದ ಜನನ ಪತ್ರದಲ್ಲೇ ಹೆಸರು ಮತ್ತು ಸರ್‌ನೇಮ್ ಎರಡೂ ಪೂರ್ತಿಯಾಗಿ ಇರಲಿ. ತೀರಾ ಉದ್ದ ಬೇಡ: ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಸಾಲಿನಲ್ಲಿ ಪೂರ್ತಿ ಹೆಸರಿಗೆ ಸಿಗುವುದು 39 ಸ್ಥಾನ, ನಡುವಿನ ಜಾಗ ಸೇರಿ.

ಮುಹಮ್ಮದ್ ಎಂದು ಶುರುವಾಗುವ ಹೆಸರು ಇಡುವ ಮನೆಗಳಲ್ಲಿ ಅಣ್ಣತಮ್ಮಂದಿರೆಲ್ಲರ ಮೊದಲ ಹೆಸರು ಒಂದೇ ಆಗಿ, ಹೊರದೇಶದ ಕಚೇರಿಯಲ್ಲಿ ಎಲ್ಲರನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಸ್ಪೆಲ್ಲಿಂಗನ್ನು ಅಪ್ಪನ ಪಾಸ್‌ಪೋರ್ಟ್ ನೋಡಿಯೇ ಬರೆಯಿರಿ, ‘ಎಂಡಿ’ ಎಂದು ಮೊಟಕು ಮಾಡಬೇಡಿ. ಡಿಸೋಜ, ಡಿಸಿಲ್ವ ಮನೆಯವರು ನಡುವಿನ ಮೇಲ್ಗೀಟನ್ನು (ಅಪಾಸ್ಟ್ರಫಿ) ಆನ್‌ಲೈನ್ ಫಾರಂಗಳು ಅನೇಕ ಸಲ ತೆಗೆದುಕೊಳ್ಳುವುದಿಲ್ಲ ಎಂದು ನೆನಪಿಡಿ. ಗೀಟು ಬಿಟ್ಟು ಅಕ್ಷರ ಕೂಡಿಸಿ ಬರೆದರೆ ಎಲ್ಲ ಕಡೆ ಒಂದೇ ಇರುತ್ತದೆ. ಚರ್ಚಿನ ಬಾಪ್ತಿಸ್ಮದ ದಾಖಲೆಯಲ್ಲೂ ಅದೇ ಸ್ಪೆಲ್ಲಿಂಗ್ ಹಾಕಿಸಿ. ಮದುವೆಯ ಹೊತ್ತಿಗೆ ಆ ಪುಸ್ತಕ ಮತ್ತೆ ತೆರೆಯುತ್ತದೆ.

ಹಿರಿಯರು ಒಪ್ಪದಿದ್ದರೆ

“ಇದೆಂಥ ಹೆಸರು ಮಾರಾಯ್ರೆ” ಎನ್ನುವ ಅತ್ತೆಯ ಮಾತಿನಲ್ಲಿ ಒಂದು ಉಪಯೋಗದ ಸುದ್ದಿ ಇರುತ್ತದೆ: ಅವರಿಗೆ ಅದು ಬಾಯಿಗೆ ಬರುತ್ತಿಲ್ಲ. ಅರ್ಥ ವಿವರಿಸಲು ಹೋಗದೆ ನಾಲ್ಕು ದಿನ ಮಗುವನ್ನು ಆ ಹೆಸರಿನಿಂದಲೇ ಕರೆಯಿರಿ. ಐದನೇ ದಿನಕ್ಕೂ ಅವರು ‘ಪುಟ್ಟ’, ‘ಬಾಲೆ’ ಎಂದೇ ಕರೆಯುತ್ತಿದ್ದರೆ ಹೆಸರು ಮನೆಗೆ ಇಳಿದಿಲ್ಲ ಎಂದರ್ಥ. ಹನ್ನೊಂದೋ ಹನ್ನೆರಡೋ ದಿನದ ಕಾರ್ಯಕ್ರಮಕ್ಕೆ ಮೊದಲೇ ಈ ಪ್ರಯೋಗ ಆಗಬೇಕು. ಸಭಾಂಗಣದಲ್ಲಿ ಬ್ಯಾಕ್‌ಡ್ರಾಪಿಗೆ ಥರ್ಮಾಕೋಲ್ ಅಕ್ಷರ ಅಂಟಿಸಿದ ಮೇಲೆ ಯಾರೂ ಬದಲಿಸುವುದಿಲ್ಲ.

ಅಜ್ಜನ ಹೆಸರೇ ಇಡುವುದಾದರೆ ಒಂದು ಸಂಗತಿ. ಮಾವನ ಹೆಸರನ್ನು ಬಾಯಲ್ಲಿ ಹೇಳದ ಸೊಸೆಯಂದಿರು ಇನ್ನೂ ಇದ್ದಾರೆ, ಗಂಡನ ಹೆಸರು ಹೇಳದ ಅಜ್ಜಿಯಂದಿರೂ ಇದ್ದಾರೆ. ಅವರಿಗೆ ಮಗುವನ್ನು ಆ ಹೆಸರಿನಿಂದ ಬೈಯಲು ಆಗುವುದಿಲ್ಲ! ಕರೆಯುವ ಹೆಸರು ಬೇರೆ ಇರಲಿ, ಕಾಗದದಲ್ಲಿ ಅಜ್ಜನ ಹೆಸರು ನಡುವೆ ಕೂರಲಿ.

ಕಾಗದಕ್ಕೆ ಹಾಕಿಸುವ ದಿನ

ಹೆಸರನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲೂ ಇಂಗ್ಲಿಷ್ ದೊಡ್ಡಕ್ಷರದಲ್ಲೂ ಅಚ್ಚು ಬರವಣಿಗೆಯಲ್ಲಿ ಬರೆದುಕೊಂಡು ಹೋಗಿ. ಬಾಯಿಮಾತಿನಲ್ಲಿ ಹೇಳಬೇಡಿ. ಕನ್ನಡದಲ್ಲಿ ರಕ್ಷಿತ, ರಕ್ಷಿತ್, ರಕ್ಷಿತಾ ಮೂರೂ ಬೇರೆ. ಅಪ್ಪ ಅಮ್ಮನ ಹೆಸರು ಅವರವರ ಆಧಾರಿನಲ್ಲಿ ಇದ್ದ ಹಾಗೆಯೇ ಇರಲಿ. ಅಮ್ಮನಿಗೆ ಮದುವೆಗೆ ಮೊದಲಿನ ಸರ್‌ನೇಮ್ ಒಂದು ಕಡೆ, ಆಮೇಲಿನದ್ದು ಇನ್ನೊಂದು ಕಡೆ ಇದ್ದರೆ ಯಾವುದೆಂದು ಮನೆಯಲ್ಲೇ ತೀರ್ಮಾನಿಸಿ ಬನ್ನಿ. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಕೌಂಟರಿನಲ್ಲೇ ನಿಂತು ಅಕ್ಷರ ಅಕ್ಷರ ಓದಿ: ಮಗುವಿನ ಹೆಸರು ಎರಡೂ ಭಾಷೆಯಲ್ಲಿ, ಹುಟ್ಟಿದ ದಿನ, ಗಂಡೋ ಹೆಣ್ಣೋ, ಅಪ್ಪ ಅಮ್ಮನ ಹೆಸರು. ಅಕ್ಷರದೋಷವನ್ನು ತಿದ್ದಲು ಕಾಯ್ದೆಯಲ್ಲಿ ಅವಕಾಶ ಉಂಟು, ದಾಖಲೆ ತೋರಿಸಿದರೆ ಆಗುತ್ತದೆ. ಇಡೀ ಹೆಸರನ್ನೇ ಬದಲಿಸಬೇಕೆಂದರೆ ಅದು ಬೇರೆಯೇ ಗೋಳು.

ಆಧಾರ್ ಮಾಡಿಸುವುದು ಇದರ ಮೇಲೆ. 5 ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ಇಲ್ಲ, ಜನನ ಪತ್ರ ಮತ್ತು ಅಪ್ಪ ಅಥವಾ ಅಮ್ಮನ ಆಧಾರ್ ಸಾಕು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹೆಸರನ್ನು ಕಂಪ್ಯೂಟರ್ ತಾನೇ ಕನ್ನಡಕ್ಕೆ ತಿರುಗಿಸುತ್ತದೆ. ಧನ್ಯಾ ‘ದನ್ಯ’ ಆಗುವುದು, ಪ್ರಣತಿ ‘ಪ್ರನತಿ’ ಆಗುವುದು ಅಲ್ಲೇ. ಆಪರೇಟರ್ ಸ್ಕ್ರೀನ್ ತಿರುಗಿಸಿ “ಸರಿ ಉಂಟಾ?” ಎಂದು ಕೇಳುವಾಗ ಇಂಗ್ಲಿಷ್ ಸಾಲಿನ ಕೆಳಗಿನ ಕನ್ನಡ ಸಾಲನ್ನೂ ಓದಿ, ತಪ್ಪಿದ್ದರೆ ಸಬ್ಮಿಟ್ ಒತ್ತುವ ಮೊದಲೇ ತಿದ್ದಿಸಿ.